ಹಳೆಯ ಮೋಟಾರಿನ ತಡವರಿಕೆ



ಹಳೆಯ ಮೋಟಾರುಗಾಡಿಯನ್ನು ಇಟ್ಟುಕೊಂಡಿರುವವರಿಗೆಲ್ಲ ಪರಿಚಿತವಾದ ಒಂದು ವ್ಯಾಧಿಯನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇವೆ. ಗಾಡಿ ನಿಂತಿರುವಾಗ ಅದರ ಎಂಜಿನು ಚೆನ್ನಾಗಿಯೇ ತಿರುಗುತ್ತಿರುತ್ತದೆ. ಒಂದೇ ವೇಗದಲ್ಲಿ ಸಾಗುವಾಗಲೂ ಹೇಳಿಕೊಳ್ಳುವಂಥ ದೂರು ಇರುವುದಿಲ್ಲ. ಆದರೆ ವೇಗವನ್ನು ಹೆಚ್ಚಿಸಬೇಕೆಂದು ಆಕ್ಸಿಲರೇಟರಿನ ಮೇಲೆ ಕಾಲನ್ನು ಒತ್ತಿದೊಡನೆಯೇ, ಮುಂದಕ್ಕೆ ಚಿಮ್ಮಬೇಕಾದ ಗಾಡಿ ಉಸಿರು ಕಟ್ಟಿದಂತಾಗಿ ಒಂದು ಕ್ಷಣ ಹಿಂಜರಿಯುತ್ತದೆ. ಕೆಲವು ವೇಳೆ ಕೆಮ್ಮುತ್ತದೆ, ಕುಲುಕುತ್ತದೆ. ಆಮೇಲೆ ಏನೂ ನಡೆಯಲಿಲ್ಲವೆಂಬಂತೆ ಎಳೆದುಕೊಂಡು ಹೋಗುತ್ತದೆ. ರಿಪೇರಿಯ ಮೇಸ್ತ್ರಿಗಳು ಇದಕ್ಕೆ ‘ಪಿಕಪ್ ಇಲ್ಲ’ ಎನ್ನುತ್ತಾರೆ. ಸಭೆಯಲ್ಲಿ ಎದ್ದು ನಿಂತ ಭಾಷಣಕಾರನು ಮೊದಲ ಮಾತಿಗೆ ತಡವರಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದನ್ನೇ ಹೋಲುವ ಈ ದೋಷವನ್ನು ತಡವರಿಕೆಯೆಂದೇ ಕರೆಯೋಣ.

ಒಂದು ಕ್ಷಣದ ಮಾತು ತಾನೆ, ಅದಕ್ಕೇಕೆ ಇಷ್ಟು ವಿಚಾರ ಎಂದು ಯಾರಾದರೂ ಕೇಳಬಹುದು. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಹೋಗುವ ಗಾಡಿಯು ಒಂದು ಸೆಕೆಂಡಿನಲ್ಲಿ ಹೆಚ್ಚುಕಡಮೆ ೧೭ ಮೀಟರು ದೂರವನ್ನು ಕ್ರಮಿಸುತ್ತದೆ. ಮುಂದೆ ಹೋಗುತ್ತಿರುವ ಲಾರಿಯನ್ನು ದಾಟಬೇಕೆಂದು ನೀವು ಬಲಕ್ಕೆ ತಿರುಗಿಸಿಕೊಂಡಿದ್ದೀರಿ. ಎದುರಿನಿಂದ ಒಂದು ಬಸ್ಸು ಅಷ್ಟೇ ವೇಗದಲ್ಲಿ ಬರುತ್ತಿದೆ. ನಿಮ್ಮಿಬ್ಬರ ನಡುವಣ ಅಂತರವು ಸೆಕೆಂಡಿಗೆ ೩೩ ಮೀಟರಿನಂತೆ ಕರಗುತ್ತಿರುತ್ತದೆ. ಆ ಸಮಯದಲ್ಲಿ ಎಂಜಿನು ತಡವರಿಸಿದರೆ ಕಳೆದುಹೋಗುವ ಒಂದು ಸೆಕೆಂಡಿನ ಬೆಲೆಯೇನೆಂಬುದನ್ನು ನಾವು ವಿವರಿಸಬೇಕಾಗಿಲ್ಲ. ಪ್ರಾಣಕ್ಕೆ ಸಂಬಂಧಪಟ್ಟ ವಿಷಯವಾದ್ದರಿಂದ ಇದನ್ನು ಮುದಿ ಗಾಡಿಯ ಸ್ವಭಾವವೆಂದು ಸಹಿಸಿಕೊಂಡು ಹೋಗುವುದು ಸರಿಯಲ್ಲ.

ಇನ್ನೊಂದು ನಷ್ಟವೂ ಉಂಟು. ಈ ದೋಷಕ್ಕೆ ಕಾರಣಗಳು ಹತ್ತಾರು. ಲಕ್ಷಣ ಮಾತ್ರ ಒಂದೇ ಎಂಬಂತೆ ತೋರುತ್ತದೆ. ಆದ್ದರಿಂದ ಒಬ್ಬರು ಕಾರ್ಬುರೇಟರನ್ನು ಬದಲಾಯಿಸುತ್ತಾರೆ, ಇನ್ನೊಬ್ಬರು ಕಾಯಿಲನ್ನು, ಮತ್ತೊಬ್ಬರು ಪೆಟ್ರೋಲು ಪಂಪನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಕೊನೆಗೆ ಬೇಸತ್ತ ಒಡೆಯನು, ನಾಲ್ಕು ಕಾಸಿನ ರಿಪೇರಿಯಿಂದ ಇನ್ನೂ ಹತ್ತು ವರ್ಷ ಓಡಬಹುದಾಗಿದ್ದ ಗಾಡಿಯನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟುಬಿಡುತ್ತಾನೆ.

ನಮ್ಮ ವೈದ್ಯಶಾಸ್ತ್ರದಲ್ಲಿ ರೋಗವನ್ನು ಕಂಡುಹಿಡಿಯುವ ಕ್ರಮಕ್ಕೆ ನಿದಾನವೆಂದು ಹೆಸರು. ಮಾಧವಕರನ ‘ಮಾಧವನಿದಾನ’ವು ಆ ವಿಷಯಕ್ಕಾಗಿಯೇ ಮೀಸಲಾದ ಗ್ರಂಥ. ರೋಗವನ್ನು ಅರಿಯಲು ಪ್ರಾಚೀನರು ಐದು ದಾರಿಗಳನ್ನು ಹೇಳಿದ್ದಾರೆ: ರೋಗದ ಕಾರಣವಾದ ನಿದಾನ, ಮೊದಲೇ ತಲೆದೋರುವ ಪೂರ್ವರೂಪ, ಪ್ರಕಟವಾದ ಲಕ್ಷಣಗಳಾದ ರೂಪ, ಯಾವುದರಿಂದ ಶಮನವಾಗುತ್ತದೆಂದು ನೋಡಿ ತಿಳಿಯುವ ಉಪಶಯ, ದೇಹದೊಳಗೆ ದೋಷವು ಬೆಳೆದ ಬಗೆಯಾದ ಸಂಪ್ರಾಪ್ತಿ. ಮನುಷ್ಯ ದೇಹಕ್ಕೆ ಹೇಳಿದ ಈ ಮಾರ್ಗವು ಕಬ್ಬಿಣದ ದೇಹಕ್ಕೂ ಆಶ್ಚರ್ಯಕರವಾಗಿ ಹೊಂದುತ್ತದೆ. ನಿದಾನವೆಂಬ ಈ ಪದಕ್ಕೂ ಸಾವಧಾನವೆಂಬರ್ಥದ ನಿಧಾನವೆಂಬ ಪದಕ್ಕೂ ಕಿವಿಗೆ ಹೆಚ್ಚು ವ್ಯತ್ಯಾಸವಿಲ್ಲ. ಒಂದು ಅಕ್ಷರದ ಪ್ರಾಣ ಮಾತ್ರ ಬೇರೆ. ನಿದಾನಕ್ಕೆ ನಿಧಾನವೇ ಬೇಕು ಎಂಬುದು ಈ ಭಾಷಣದ ಸಾರಾಂಶ.

ಮೊದಲು ಸಂಪ್ರಾಪ್ತಿಯನ್ನು ನೋಡೋಣ. ಎಂಜಿನಿನ ಆಹಾರ ಪೆಟ್ರೋಲು ಮಾತ್ರವೆಂದು ನಾವು ತಿಳಿದಿರುತ್ತೇವೆ. ವಾಸ್ತವವಾಗಿ ಅದು ತಿನ್ನುವುದರಲ್ಲಿ ಬಹುಭಾಗ ಗಾಳಿ. ಒಂದು ತೂಕ ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಸುಮಾರು ೧೪.೭ ತೂಕದ ಗಾಳಿ ಬೇಕು. ಗಾತ್ರದ ಲೆಕ್ಕದಲ್ಲಿ ಹೇಳುವುದಾದರೆ ಒಂದು ಲೀಟರು ಪೆಟ್ರೋಲಿಗೆ ಸುಮಾರು ೯,೦೦೦ ಲೀಟರು ಗಾಳಿ. ಈ ಎರಡನ್ನೂ ಬೆರೆಸಿ ಕೊಡುವ ಪಾತ್ರೆಯೇ ಕಾರ್ಬುರೇಟರು. ಅದರ ಇಕ್ಕಟ್ಟಾದ ಕತ್ತಿನಲ್ಲಿ ಗಾಳಿ ರಭಸದಿಂದ ನುಗ್ಗುವಾಗ ಅಲ್ಲಿ ಒತ್ತಡ ಕಡಮೆಯಾಗಿ, ಪಕ್ಕದ ಬಟ್ಟಲಿನಲ್ಲಿರುವ ಪೆಟ್ರೋಲು ಜೆಟ್ಟೆಂಬ ಸಣ್ಣ ರಂಧ್ರದ ಮೂಲಕ ಎಳೆಯಲ್ಪಟ್ಟು ತುಂತುರಾಗಿ ಗಾಳಿಯೊಡನೆ ಸೇರುತ್ತದೆ. ನೀವು ಕಾಲಿನಿಂದ ಒತ್ತುವ ಆಕ್ಸಿಲರೇಟರು ಈ ಕತ್ತಿನಲ್ಲಿರುವ ಥ್ರಾಟ್ಲ್ ಎಂಬ ಕದವನ್ನು ತೆರೆಯುತ್ತದೆ. ಅಂದರೆ ನೀವು ನೇರವಾಗಿ ಹೆಚ್ಚಿಸುವುದು ಗಾಳಿಯನ್ನು. ಪೆಟ್ರೋಲು ಅದನ್ನು ಅನುಸರಿಸಿ ಬರಬೇಕು.

ಕಷ್ಟವಿರುವುದು ಇಲ್ಲಿಯೇ. ಕದವನ್ನು ಥಟ್ಟನೆ ತೆರೆದಾಗ ಹಗುರವಾದ ಗಾಳಿ ತಕ್ಷಣ ಒಳಕ್ಕೆ ನುಗ್ಗುತ್ತದೆ. ಭಾರವಾದ ಪೆಟ್ರೋಲಿಗೆ ಅಷ್ಟು ಚುರುಕಿಲ್ಲ. ಸಾಲದುದಕ್ಕೆ ಅದರ ಒಂದಂಶ ಕೊಳವೆಯ ಗೋಡೆಗಳಿಗೆ ಅಂಟಿಕೊಂಡು ಉಳಿದುಬಿಡುತ್ತದೆ. ಮದುವೆಯ ಮನೆಯಲ್ಲಿ ಪಂಕ್ತಿ ಒಮ್ಮೆಲೇ ಕುಳಿತು, ಬಡಿಸುವವರು ಇನ್ನೂ ಅಡಿಗೆಮನೆಯಲ್ಲಿಯೇ ಇದ್ದಂತೆ. ಆ ಒಂದು ಗಳಿಗೆಯಲ್ಲಿ ಸಿಲಿಂಡರಿಗೆ ಹೋಗುವ ಮಿಶ್ರಣ ತೀರ ತೆಳುವಾಗಿ ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ. ಇದೇ ತಡವರಿಕೆ. ಇದನ್ನರಿತ ಯಂತ್ರಶಿಲ್ಪಿಗಳು ಮೊದಲೇ ಪರಿಹಾರವನ್ನು ಒದಗಿಸಿದ್ದಾರೆ. ನಮ್ಮ ದೇಶದಲ್ಲಿ ಬಹುಕಾಲ ಓಡಾಡಿದ ಪ್ರೀಮಿಯರ್ ಪದ್ಮಿನಿಯ ಸೋಲೆಕ್ಸ್ ಕಾರ್ಬುರೇಟರಿನಲ್ಲಿ ಆಕ್ಸಿಲರೇಟರು ಪಂಪೆಂಬ ಒಂದು ಸಣ್ಣ ಅಂಗವುಂಟು. ನೀವು ಕಾಲನ್ನು ಒತ್ತಿದ ಕೂಡಲೆ ಅದರಲ್ಲಿರುವ ರಬ್ಬರಿನ ಪೊರೆಯು ಒತ್ತಲ್ಪಟ್ಟು, ಪಿಚಕಾರಿಯಿಂದ ಹೊಡೆದಂತೆ ಒಂದು ಎಳೆ ಪೆಟ್ರೋಲನ್ನು ಕತ್ತಿನೊಳಕ್ಕೆ ಚಿಮ್ಮಿಸುತ್ತದೆ. ಗಾಳಿಗೂ ಪೆಟ್ರೋಲಿಗೂ ನಡುವೆ ಬಿದ್ದ ಹೊತ್ತಿನ ಕಂದಕವನ್ನು ತುಂಬುವುದು ಈ ಒಂದು ಚಿಮ್ಮುವಿಕೆ.

ಇಂಗ್ಲೆಂಡಿನಲ್ಲಿ ೧೯೪೮ರಲ್ಲಿ ಹೊರಬಂದು ನಮ್ಮ ಊರುಗಳಲ್ಲಿಯೂ ಮನೆಮಾತಾದ ಮಾರಿಸ್ ಮೈನರಿನದು ಬೇರೆ ಜಾತಿ. ಅದರ ಎಸ್. ಯು. ಕಾರ್ಬುರೇಟರಿನಲ್ಲಿ ಪಿಚಕಾರಿಯಿಲ್ಲ. ಗಾಳಿಯ ಸೆಳೆತಕ್ಕೆ ತಕ್ಕಂತೆ ಮೇಲೇಳುವ ಒಂದು ಪಿಸ್ಟನ್ನು, ಅದರ ತುದಿಯಲ್ಲಿ ಜೆಟ್ಟಿನೊಳಗೆ ಆಡುವ ಒಂದು ಸೂಜಿ, ಇಷ್ಟೆ. ೯೪೮ ಘನ ಸೆಂಟಿಮೀಟರಿನ ಎಂಜಿನಿರುವ ಗಾಡಿಗಳಲ್ಲಿ ಈ ಪಿಸ್ಟನ್ನಿನ ನೆತ್ತಿಯ ಕೊಳವೆಯಲ್ಲಿ ಸ್ವಲ್ಪ ತೆಳುವಾದ ಎಣ್ಣೆ ಇರಬೇಕು. ಕದವನ್ನು ಥಟ್ಟನೆ ತೆರೆದಾಗ ಆ ಎಣ್ಣೆಯು ಪಿಸ್ಟನ್ನನ್ನು ಒಂದಿಷ್ಟು ತಡೆದುಹಿಡಿಯುತ್ತದೆ. ಆಗ ಕತ್ತು ಇಕ್ಕಟ್ಟಾಗಿಯೇ ಉಳಿದು, ಸೆಳೆತ ಹೆಚ್ಚಿ, ಪೆಟ್ರೋಲು ಧಾರಾಳವಾಗಿ ಬರುತ್ತದೆ. ಎಣ್ಣೆ ಬತ್ತಿಹೋದರೆ ಪಿಸ್ಟನ್ನು ಒಮ್ಮೆಲೇ ಮೇಲಕ್ಕೆ ಹಾರಿ, ಗಾಳಿ ಮುಂದಾಗಿ ಪೆಟ್ರೋಲು ಹಿಂದಾಗುತ್ತದೆ. ಎಷ್ಟೋ ಮಾರಿಸ್ ಗಾಡಿಗಳ ತಡವರಿಕೆಗೆ ಔಷಧ ಅರ್ಧ ಚಮಚದಷ್ಟು ಎಣ್ಣೆ ಎಂದರೆ ನಂಬುವುದು ಕಷ್ಟ. ಆದರೆ ಅದು ನಿಜ. ಕೈಯಿಂದ ಮುಚ್ಚಳವನ್ನು ತಿರುಗಿಸಿ ತೆಗೆದು ನೋಡಲು ಒಂದು ನಿಮಿಷ ಸಾಕು.

ಈಗ ರೂಪಕ್ಕೆ ಬರೋಣ. ‘ಗಾಡಿ ಎಳೆಯುವುದಿಲ್ಲ’ ಎಂದಷ್ಟೇ ಹೇಳಿದರೆ, ‘ಮೈ ಸರಿಯಿಲ್ಲ’ ಎಂದು ವೈದ್ಯರಿಗೆ ಹೇಳಿದಂತಾಯಿತು. ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದದೆ ಉತ್ತರ ಬರೆಯಲು ತೊಡಗುವ ವಿದ್ಯಾರ್ಥಿಗಳನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ಮೋಟಾರಿನ ಒಡೆಯರಲ್ಲಿ ಬಹುಮಂದಿ ಅದೇ ಪಂಗಡದವರು. ಕೇಳಿಕೊಳ್ಳಬೇಕಾದ ಮೊದಲನೆಯ ಪ್ರಶ್ನೆ ಇದು: ತಡವರಿಸುತ್ತಿರುವುದು ಎಂಜಿನೋ ಗಾಡಿಯೋ? ಕಾಲನ್ನು ಒತ್ತಿದಾಗ ಎಂಜಿನಿನ ಧ್ವನಿ ಏರುತ್ತ ಹೋಗಿ, ಗಾಡಿ ಮಾತ್ರ ಹಿಂದೆ ಉಳಿದರೆ ಕ್ಲಚ್ಚು ಜಾರುತ್ತಿದೆ ಎಂದು ತಿಳಿಯಬೇಕು. ಸ್ವಲ್ಪ ದೂರ ಹೋಗಿ ನಿಲ್ಲಿಸಿ ಚಕ್ರಗಳ ಬಳಿ ಕೈಯಿಟ್ಟು ನೋಡಿದಾಗ ಒಂದು ಚಕ್ರ ಮಾತ್ರ ಮಿಕ್ಕವುಗಳಿಗಿಂತ ಬಹಳ ಬಿಸಿಯಾಗಿದ್ದರೆ ಬ್ರೇಕು ಹಿಡಿದುಕೊಂಡಿದೆ. ಈ ಎರಡು ಸಂದರ್ಭಗಳಲ್ಲಿಯೂ ಎಂಜಿನು ನಿರಪರಾಧಿ. ಕಾಲೊತ್ತಿದಾಗ ಎಂಜಿನಿನ ಧ್ವನಿಯೇ ಕುಗ್ಗಿದರೆ ಮಾತ್ರ ಮುಂದಿನ ವಿಚಾರ.

ಎರಡನೆಯ ಪ್ರಶ್ನೆ: ಯಾವಾಗ? ನಿಂತ ಗಾಡಿಯನ್ನು ಹೊರಡಿಸುವ ಗಳಿಗೆಯಲ್ಲಿಯೇ ತಡವರಿಕೆ ತೋರಿ, ಆಮೇಲೆ ಎಲ್ಲವೂ ಸರಿಹೋದರೆ, ನಾವು ಆಗಲೇ ಹೇಳಿದ ಪಂಪು, ಎಣ್ಣೆ, ಇಲ್ಲವೆ ಎಲ್ಲಿಂದಲೋ ಕಳ್ಳತನದಿಂದ ಒಳಹೊಗುತ್ತಿರುವ ಗಾಳಿ, ಇವುಗಳ ಮೇಲೆ ಸಂದೇಹ ಪಡಬೇಕು. ಹೊರಡುವಾಗ ಚೆನ್ನಾಗಿದ್ದು, ಚಾಮುಂಡಿಬೆಟ್ಟದ ಏರಿನಂಥ ಕಡೆ ಅರ್ಧ ನಿಮಿಷ ಹತ್ತಿದ ಮೇಲೆ ಸೋತರೆ, ಪೆಟ್ರೋಲು ಸಾಕಾದಷ್ಟು ಬರುತ್ತಿಲ್ಲ. ಬಟ್ಟಲಿನಲ್ಲಿದ್ದುದು ಖರ್ಚಾಗುವವರೆಗೆ ಗಾಡಿ ಓಡಿತು, ಆಮೇಲೆ ಬರಗಾಲ. ಫಿಲ್ಟರಿನಲ್ಲಿ ಕಸ, ಪಂಪಿನಲ್ಲಿ ಬಲಹೀನತೆ, ಅಥವಾ ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡಿರುವುದು, ಈ ಮೂರರಲ್ಲೊಂದು ಇರಬೇಕು. ಬೆಳಗಿನ ಚಳಿಯಲ್ಲಿ ಮಾತ್ರ ತೋರಿದರೆ ಚೋಕಿನ ಕಡೆ ನೋಡಬೇಕು. ಬೇಸಗೆಯ ಮಧ್ಯಾಹ್ನ, ಅದರಲ್ಲಿಯೂ ಗಾಡಿಯನ್ನು ಹತ್ತು ನಿಮಿಷ ನಿಲ್ಲಿಸಿ ಮತ್ತೆ ಹೊರಟಾಗ ತೋರಿದರೆ, ಎಂಜಿನಿನ ಕಾವಿಗೆ ಪೆಟ್ರೋಲು ಕೊಳವೆಯಲ್ಲಿಯೇ ಕುದಿದು ಆವಿಯಾಗಿರಬಹುದು. ಇಲ್ಲವೆ ಕಾಯಿಲು ಬಿಸಿಯಾಗಿ ಬಲಗುಂದಿರಬಹುದು.

ಮೂರನೆಯದು ಧ್ವನಿ ಮತ್ತು ಹೊಗೆ. ಕಾರ್ಬುರೇಟರಿನ ಬಾಯಿಂದಲೇ ಸೀನಿದಂಥ ಶಬ್ದ ಬಂದರೆ ಸಾಮಾನ್ಯವಾಗಿ ಮಿಶ್ರಣ ತೆಳುವಾಗಿದೆ. ಹಿಂದಿನ ಕೊಳವೆಯಲ್ಲಿ ಕಪ್ಪು ಹೊಗೆ ತೋರಿದರೆ ಪೆಟ್ರೋಲು ಅತಿಯಾಗಿದೆ. ಏರು ಹತ್ತುವಾಗ ಡಬ್ಬಿಯಲ್ಲಿ ಮೊಳೆಗಳನ್ನು ಕುಲುಕಿದಂತೆ ಕೇಳಿಸಿದರೆ ಕಿಡಿಯು ಹೊತ್ತಿಗೆ ಮುಂಚೆ ಹಾರುತ್ತಿರುವುದು ಸಂಭವ. ಪ್ಲಗ್ಗುಗಳನ್ನು ಬಿಚ್ಚಿ ನೋಡುವುದು ವೈದ್ಯರು ನಾಲಗೆಯನ್ನು ನೋಡಿದಂತೆ: ಬಿಸ್ಕತ್ತಿನ ಕಂದುಬಣ್ಣ ಆರೋಗ್ಯದ ಗುರುತು, ಬಿಳಿಚಿಕೊಂಡಿದ್ದರೆ ಮಿಶ್ರಣ ತೆಳುವು, ಒಣ ಮಸಿ ಹಿಡಿದಿದ್ದರೆ ಗಟ್ಟಿ. ನಾಲ್ಕರಲ್ಲಿ ಒಂದೇ ಪ್ಲಗ್ಗು ಬೇರೆ ಬಣ್ಣದ್ದಾಗಿದ್ದರೆ ದೋಷವೂ ಆ ಒಂದು ಸಿಲಿಂಡರಿಗೆ ಸೇರಿದ್ದೇ ಹೊರತು ಎಲ್ಲಕ್ಕೂ ಸಾಮಾನ್ಯವಾದ ಕಾರ್ಬುರೇಟರಿನದಾಗಿರಲಾರದು.

ಪೂರ್ವರೂಪವನ್ನು ಕುರಿತು ಒಂದೇ ಮಾತು. ತಡವರಿಕೆಯು ದಿಢೀರನೆ ಬರುವುದು ಅಪೂರ್ವ. ತಿಂಗಳುಗಳಿಂದ ಪೆಟ್ರೋಲಿನ ಖರ್ಚು ಹೆಚ್ಚುತ್ತಿರುತ್ತದೆ. ಬೆಳಿಗ್ಗೆ ಎಂಜಿನು ಹೊರಡಲು ಎರಡು ಸಲ ಹೆಚ್ಚಾಗಿ ತಿರುಗಿಸಬೇಕಾಗಿರುತ್ತದೆ. ನಿಂತಾಗ ಒಂದು ಬಗೆಯ ನಡುಕ ಕಾಣುತ್ತಿರುತ್ತದೆ. ದಿನಚರಿಯ ಪುಸ್ತಕದಲ್ಲಿ ಇವನ್ನು ಗುರುತು ಹಾಕಿಕೊಂಡ ಒಡೆಯನು ಮೇಸ್ತ್ರಿಗೆ ಅರ್ಧ ಕೆಲಸವನ್ನು ಮಾಡಿಕೊಟ್ಟಂತೆ.

ಇನ್ನು ಉಪಶಯ. ಇದು ಈ ಶಾಸ್ತ್ರದ ಅತ್ಯಂತ ಸುಂದರವಾದ ಭಾಗವೆಂದು ನಮಗೆ ತೋರುತ್ತದೆ. ಏಕೆಂದರೆ ಬೆಲೆಯಿಲ್ಲದ ಸಣ್ಣ ಪರೀಕ್ಷೆಗಳಿಂದ ದೊಡ್ಡ ಸಂಶಯಗಳು ಇಲ್ಲಿ ಬಗೆಹರಿಯುತ್ತವೆ. ಮೊದಲನೆಯದು ಚೋಕಿನ ಪರೀಕ್ಷೆ. ಎಂಜಿನು ಚೆನ್ನಾಗಿ ಕಾದಮೇಲೆ, ಸಂಚಾರವಿಲ್ಲದ ರಸ್ತೆಯಲ್ಲಿ, ಚೋಕನ್ನು ಸ್ವಲ್ಪವೇ ಎಳೆದು ಗಾಡಿಯನ್ನು ಓಡಿಸಿ ನೋಡಿ. ತಡವರಿಕೆ ಕಡಮೆಯಾದರೆ ರೋಗ ಪೆಟ್ರೋಲಿನ ಕೊರತೆ ಅಥವಾ ಗಾಳಿಯ ಅತಿಶಯ. ಹೆಚ್ಚಾದರೆ ಪೆಟ್ರೋಲು ಆಗಲೇ ಅತಿಯಾಗಿದೆ. ಏನೂ ವ್ಯತ್ಯಾಸವಾಗದಿದ್ದರೆ ಕಿಡಿಯ ಕಡೆಗೆ ತಿರುಗಬೇಕು. ಒಂದು ಗುಂಡಿಯ ಎಳೆತದಿಂದ ಅರ್ಧಕ್ಕರ್ಧ ಸಂದೇಹಗಳು ದೂರವಾದುವು. ಉದಕಮಂಡಲಕ್ಕೆ ಹೋದಾಗ ಮಾತ್ರ ಗಾಡಿ ಮಂಕಾಗಿ ಕಪ್ಪು ಹೊಗೆ ಬಿಡುವುದನ್ನು ಕೆಲವರು ಕಂಡಿರಬಹುದು. ಸುಮಾರು ೨,೨೪೦ ಮೀಟರು ಎತ್ತರದ ಆ ಊರಿನಲ್ಲಿ ವಾಯುವಿನ ಒತ್ತಡ ಸಮುದ್ರತೀರದಲ್ಲಿರುವುದರ ಮುಕ್ಕಾಲು ಪಾಲಿನಷ್ಟು. ಗಾಳಿ ತೆಳುವಾದ್ದರಿಂದ ಅದೇ ಜೆಟ್ಟಿನ ಪೆಟ್ರೋಲು ಅತಿಯಾಗುತ್ತದೆ. ಅದು ಬೆಟ್ಟದ ಗುಣ; ಇಳಿದು ಬಂದರೆ ಹೋಗುತ್ತದೆ.

ಎರಡನೆಯದು ಕಣ್ಣಿನ ಪರೀಕ್ಷೆ. ಎಂಜಿನನ್ನು ನಿಲ್ಲಿಸಿ, ಅದು ಆರಿದಮೇಲೆ, ಗಾಳಿಶೋಧಕವನ್ನು ತೆಗೆದು ಸೋಲೆಕ್ಸ್ ಕಾರ್ಬುರೇಟರಿನ ಬಾಯೊಳಗೆ ನೋಡುತ್ತ ಥ್ರಾಟ್ಲನ್ನು ಕೈಯಿಂದ ತೆರೆಯಿರಿ. ದಾರದಂಥ ತುಂಡಾಗದ ಒಂದು ಪೆಟ್ರೋಲಿನ ಎಳೆ ಚಿಮ್ಮಬೇಕು. ತೊಟ್ಟಿಕ್ಕಿದರೆ, ಇಲ್ಲವೆ ತಡವಾಗಿ ಬಂದರೆ, ಪಂಪಿನ ಪೊರೆ ಸೀಳಿದೆ ಅಥವಾ ಅದರ ಸಣ್ಣ ಜೆಟ್ಟು ಕಟ್ಟಿಕೊಂಡಿದೆ. ಈ ಪರೀಕ್ಷೆಯ ಕಾಲದಲ್ಲಿ ಹತ್ತಿರ ಬೀಡಿಯಾಗಲಿ ದೀಪವಾಗಲಿ ಇರಕೂಡದೆಂಬುದನ್ನು ಒತ್ತಿ ಹೇಳುತ್ತೇವೆ.

ಮೂರನೆಯದು ಕಳ್ಳಗಾಳಿಯ ಪರೀಕ್ಷೆ. ಎಂಜಿನು ನಿಂತಲ್ಲಿ ತಿರುಗುತ್ತಿರುವಾಗ, ಕಾರ್ಬುರೇಟರಿಗೂ ಎಂಜಿನಿಗೂ ನಡುವಣ ಸಂದುಗಳ ಮೇಲೆ ಸಾಬೂನಿನ ನೀರನ್ನು ಸ್ವಲ್ಪಸ್ವಲ್ಪವಾಗಿ ಚಿಮುಕಿಸಬೇಕು. ಯಾವ ಸಂದಿನಲ್ಲಿ ನೀರು ಬಿದ್ದಾಗ ಎಂಜಿನಿನ ಧ್ವನಿ ಬದಲಾಗುತ್ತದೆಯೋ ಆ ಗ್ಯಾಸ್ಕೆಟ್ಟು ಸೋರುತ್ತಿದೆ. ಕೆಲವರು ಇದಕ್ಕೆ ಪೆಟ್ರೋಲನ್ನೇ ಚಿಮುಕಿಸುತ್ತಾರೆ; ಕಾದ ಎಂಜಿನಿನ ಮೇಲೆ ಪೆಟ್ರೋಲು ಚೆಲ್ಲುವುದು ಮನೆಗೆ ಬೆಂಕಿಯನ್ನು ಕರೆದಂತೆಯೇ ಸರಿ. ನಾಲ್ಕನೆಯದು ಟ್ಯಾಂಕಿನ ಮುಚ್ಚಳ: ಏರಿನಲ್ಲಿ ಸೋತ ಗಾಡಿಯ ಮುಚ್ಚಳವನ್ನು ಸಡಿಲಿಸಿದಾಗ ಬುಸ್ಸೆಂದು ಗಾಳಿ ಒಳಕ್ಕೆ ಹೋಗಿ, ಗಾಡಿ ಮತ್ತೆ ಎಳೆಯತೊಡಗಿದರೆ ಬೇರೆ ಸಾಕ್ಷಿ ಬೇಡ. ಐದನೆಯದು ಒದ್ದೆಬಟ್ಟೆ: ಬಿಸಿಲಿನಲ್ಲಿ ತಡವರಿಸುವ ಗಾಡಿಯ ಪೆಟ್ರೋಲು ಪಂಪಿನ ಮೇಲೆ ತಣ್ಣೀರಿನ ಬಟ್ಟೆಯನ್ನು ಹಾಕಿದಾಗ ಗುಣ ಕಂಡರೆ ರೋಗ ಆವಿಯದು. ನಮ್ಮ ಹಳೆಯ ಟ್ಯಾಕ್ಸಿ ಚಾಲಕರು ಯಾವ ಪುಸ್ತಕವನ್ನೂ ಓದದೆ ಈ ಉಪಶಯವನ್ನು ಬಲ್ಲವರಾಗಿದ್ದರು.

ಕಿಡಿಯ ವಿಷಯದಲ್ಲಿ ಕೂಡ ಕ್ರಮವುಂಟು. ಸಿಲಿಂಡರಿನಲ್ಲಿ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರುವುದು ಕಷ್ಟ; ಆದ್ದರಿಂದ ನಿಂತಾಗ ಸಾಕಾಗುತ್ತಿದ್ದ ಬಲಹೀನವಾದ ಕಿಡಿ ಕಾಲೊತ್ತಿದಾಗ ಸಾಲದೆ ಹೋಗುತ್ತದೆ. ಮಾರಿಸ್ ಮೈನರಿನಲ್ಲಿ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ಅಂತರ ಸುಮಾರು ೦.೪ ಮಿಲಿಮೀಟರು, ಪ್ಲಗ್ಗಿನ ಅಂತರ ಸುಮಾರು ೦.೬ ಮಿಲಿಮೀಟರು ಇರಬೇಕು. ಪಾಯಿಂಟುಗಳು ಬೇಗಬೇಗ ಸುಟ್ಟು ಕಪ್ಪಾಗುತ್ತಿದ್ದರೆ ಕಂಡೆನ್ಸರಿನ ಮೇಲೆ ಅನುಮಾನ. ವೇಗ ಹೆಚ್ಚಿದಂತೆ ಕಿಡಿಯು ಇನ್ನಷ್ಟು ಮುಂಚಿತವಾಗಿ ಹಾರಬೇಕು. ಅದನ್ನು ಮುಂದೂಡುವ ಸಣ್ಣ ತೂಕಗಳು ಜಿಡ್ಡುಗಟ್ಟಿ ಹಿಡಿದುಕೊಂಡರೂ, ಗಾಳಿಯ ಸೆಳೆತದಿಂದ ಡಿಸ್ಟ್ರಿಬ್ಯೂಟರಿನ ತಟ್ಟೆಯನ್ನು ತಿರುಗಿಸುವ ಪೊರೆ ಹರಿದರೂ, ಎಂಜಿನು ಸೋಮಾರಿಯಾಗುತ್ತದೆ.

ಈ ತಟ್ಟೆಯ ಸಂಬಂಧವಾಗಿಯೇ ನಾವು ಕಂಡ ಒಂದು ನಿದರ್ಶನವನ್ನು ಹೇಳುವುದು ಉಚಿತ. ನಮಗೆ ಪರಿಚಿತರಾದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಬಳಿ ಒಂದು ಮಾರಿಸ್ ಮೈನರು ಇದೆ. ಅದಕ್ಕೆ ತಡವರಿಕೆ ಹತ್ತಿತು. ಒಂದು ಕಡೆ ಪ್ಲಗ್ಗುಗಳನ್ನೂ ಕಾಯಿಲನ್ನೂ ಬದಲಾಯಿಸಿದರು. ಇನ್ನೊಂದು ಕಡೆ ಕಾರ್ಬುರೇಟರನ್ನು ಬಿಚ್ಚಿ ಹೊಸ ಜೆಟ್ಟನ್ನೂ ಸೂಜಿಯನ್ನೂ ಹಾಕಿದರು. ಮೂರನೆಯ ಕಡೆ, ಎಂಜಿನು ಮುಗಿಯಿತು, ಕೊಟ್ಟುಬಿಡಿ ಎಂದು ಬೆಲೆಯನ್ನೂ ಹೇಳಿದರು. ಕೊನೆಗೆ ಬಹಳ ವಯಸ್ಸಾದ ಮೇಸ್ತ್ರಿಯೊಬ್ಬರ ಬಳಿಗೆ ಗಾಡಿ ಬಂತು. ಅವರು ಸ್ಪ್ಯಾನರನ್ನು ಮುಟ್ಟಲಿಲ್ಲ. ಗಾಡಿಯಲ್ಲಿ ಕುಳಿತು ಎರಡು ಸುತ್ತು ಹೋಗಿ ಬಂದರು. “ನಿಂತಾಗ ಸರಿ, ಒತ್ತಿದರೆ ಕೆಮ್ಮು, ಬಿಟ್ಟರೆ ಮತ್ತೆ ಸರಿ. ಅಂದಮೇಲೆ ಒತ್ತಿದಾಗ ಒಳಗೆ ಯಾವುದೋ ಒಂದು ಅಲ್ಲಾಡ್ತದೆ, ಮೇಷ್ಟ್ರೇ. ಅದನ್ನ ಹುಡುಕೋಣ” ಎಂದರು. ಡಿಸ್ಟ್ರಿಬ್ಯೂಟರಿಗೆ ಹೋಗುವ ಸೆಳೆತದ ಕೊಳವೆಯನ್ನು ಕಿತ್ತು, ಅದರ ಬಾಯಿಯನ್ನು ಮುಚ್ಚಿ, ಮತ್ತೊಂದು ಸುತ್ತು ಹೋದರು. ಗಾಡಿಯ ಬಲ ಸ್ವಲ್ಪ ಕಡಮೆಯಾಗಿತ್ತು, ತಡವರಿಕೆ ಮಾತ್ರ ಮಾಯವಾಗಿತ್ತು. ಮುಚ್ಚಳವನ್ನು ತೆಗೆದು ನೋಡಿದಾಗ, ತಟ್ಟೆಯನ್ನು ಗಾಡಿಯ ಮೈಗೆ ಸೇರಿಸುವ ಬೆರಳುದ್ದದ ಒಂದು ತಂತಿ ಬಟ್ಟೆಯ ಹೊದಿಕೆಯೊಳಗೇ ತುಂಡಾಗಿತ್ತು. ತಟ್ಟೆ ಸುಮ್ಮನಿದ್ದಾಗ ತುಂಡಿನ ಎರಡು ತುದಿಗಳು ಮುಟ್ಟಿಕೊಂಡಿರುತ್ತಿದ್ದುವು. ಕಾಲೊತ್ತಿ ತಟ್ಟೆ ತಿರುಗಿದೊಡನೆ ಅಗಲಿ, ಕಿಡಿ ನಿಂತುಹೋಗುತ್ತಿತ್ತು.

ಆ ತಂತಿಯ ಬೆಲೆ ಹೇಳುವಂಥದಲ್ಲ. ಆದರೆ ಆ ಮೇಸ್ತ್ರಿಯ ತರ್ಕವನ್ನು ನೋಡಿ. ಲಕ್ಷಣವನ್ನು ಅವರು ತಮ್ಮ ಕಿವಿಯಿಂದ ಕೇಳಿದರು. ಅದಕ್ಕೆ ಹೊಂದುವ ಒಂದು ಊಹೆಯನ್ನು ಮಾಡಿದರು. ಆ ಊಹೆ ನಿಜವಾದರೆ ಏನಾಗಬೇಕೋ ಅದು ಆಗುತ್ತದೆಯೇ ಎಂದು ಒಂದೇ ಒಂದು ಬದಲಾವಣೆಯಿಂದ ಪರೀಕ್ಷಿಸಿದರು. ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾವು ವರ್ಷಗಟ್ಟಲೆ ಬೋಧಿಸುವ ವಿಜ್ಞಾನದ ವಿಧಾನವೆಂಬುದು ಇದಕ್ಕಿಂತ ಬೇರೆಯಲ್ಲ.

ನಿದಾನವೆಂಬ ಮೂಲಕಾರಣದ ವಿಷಯದಲ್ಲಿ ಈಚಿನ ಒಂದು ಸಂಗತಿಯನ್ನು ಹೇಳಲೇಬೇಕು. ಕಬ್ಬಿನಿಂದಲೂ ಧಾನ್ಯಗಳಿಂದಲೂ ತೆಗೆಯುವ ಎಥನಾಲನ್ನು ಪೆಟ್ರೋಲಿಗೆ ಬೆರೆಸುವ ಕ್ರಮ ನಮ್ಮ ದೇಶದಲ್ಲಿ ಹಂತಹಂತವಾಗಿ ಹೆಚ್ಚುತ್ತ ಬಂದು, ೨೦೨೫ರಲ್ಲಿ ನೂರಕ್ಕೆ ಇಪ್ಪತ್ತರ ಮಟ್ಟವನ್ನು ಮುಟ್ಟಿತು. ಇದರ ದೇಶಲಾಭಗಳ ಚರ್ಚೆ ನಮ್ಮ ವಿಷಯವಲ್ಲ. ಹಳೆಯ ಕಾರ್ಬುರೇಟರಿನ ಮೇಲೆ ಇದರ ಪರಿಣಾಮ ಮೂರು ಬಗೆ. ಎಥನಾಲು ತನ್ನೊಳಗೇ ಆಮ್ಲಜನಕವನ್ನು ಹೊತ್ತು ಬರುವ ವಸ್ತು; ಒಂದು ತೂಕ ಎಥನಾಲಿಗೆ ೯ ತೂಕದ ಗಾಳಿಯೇ ಸಾಕು. ಆದುದರಿಂದ ಕೇವಲ ಪೆಟ್ರೋಲಿಗೆಂದು ಕೊರೆದ ಹಳೆಯ ಜೆಟ್ಟಿನ ಮಿಶ್ರಣ ಈಗ ಮೊದಲಿಗಿಂತ ತೆಳುವು. ತಡವರಿಕೆಗೆ ಮೊದಲೇ ಒಲಿದಿದ್ದ ಎಂಜಿನಿಗೆ ಇಷ್ಟೇ ಸಾಕು. ಎರಡನೆಯದಾಗಿ, ಹಳೆಯ ಕಾಲದ ರಬ್ಬರಿನ ಪೊರೆಗಳೂ ಕೊಳವೆಗಳೂ ಎಥನಾಲನ್ನು ತಾಳಲಾರದೆ ಉಬ್ಬುತ್ತವೆ, ಬಿರಿಯುತ್ತವೆ. ಮೂರನೆಯದಾಗಿ, ಅದು ಟ್ಯಾಂಕಿನ ಗೋಡೆಗೆ ಹತ್ತಿದ್ದ ಹಳೆಯ ಕೊಳೆಯನ್ನು ಕರಗಿಸಿ ತಂದು ಫಿಲ್ಟರಿನಲ್ಲಿ ತುಂಬುತ್ತದೆ. ತೇವವನ್ನು ಹೀರಿಕೊಳ್ಳುವ ಸ್ವಭಾವವಿರುವುದರಿಂದ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರೂ ಬೇರೆಯಾಗಿ ತಂಗಬಹುದು. ಎಥನಾಲನ್ನು ತಡೆಯುವ ಹೊಸ ಜಾತಿಯ ರಬ್ಬರಿನ ಭಾಗಗಳನ್ನು ಹಾಕಿಸಿ, ಫಿಲ್ಟರನ್ನು ಆಗಾಗ ಬದಲಾಯಿಸಿ, ಅವಶ್ಯವಿದ್ದರೆ ಬಲ್ಲವರಿಂದ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿಸಿಕೊಳ್ಳುವುದು ಹಳೆಯ ಗಾಡಿಯ ಒಡೆಯನಿಗೆ ಹಿತ.

ಕಾರ್ಬುರೇಟರಿಲ್ಲದ, ಪೆಟ್ರೋಲನ್ನು ಸೂಜಿಯಿಂದ ಚುಚ್ಚಿದಂತೆ ಒಳಕ್ಕೆ ಚಿಮ್ಮಿಸುವ ಇಂಜೆಕ್ಷನ್ ಗಾಡಿಗಳೂ ಈಗ ಹಳೆಯವಾಗುತ್ತಿವೆ. ಅಲ್ಲಿ ಪಿಚಕಾರಿಯ ಕೆಲಸವನ್ನು ಒಂದು ವಿದ್ಯುತ್ ಮೆದುಳು ಮಾಡುತ್ತದೆ. ಥ್ರಾಟ್ಲ್ ಎಷ್ಟು ತೆರೆದಿದೆ, ಎಷ್ಟು ಗಾಳಿ ಬಂತು ಎಂಬುದನ್ನು ಸೆನ್ಸರುಗಳೆಂಬ ದೂತರು ಅದ‌ಕ್ಕೆ ತಿಳಿಸುತ್ತಿರುತ್ತಾರೆ. ಸವೆದ ದೂತನೊಬ್ಬ ಸುಳ್ಳು ಹೇಳಿದರೆ, ಇಲ್ಲವೆ ಚಿಮ್ಮುವ ಬಾಯಿ ಕೊಳೆ ಹಿಡಿದರೆ, ಹಳೆಯ ತಡವರಿಕೆಯೇ ಹೊಸ ವೇಷದಲ್ಲಿ ಬರುತ್ತದೆ. ದೋಷಸಂಕೇತವನ್ನು ಓದುವ ಉಪಕರಣಗಳು ಈಗ ರಿಪೇರಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಆದರೆ ಉಪಕರಣದ ಮಾತು ಸಾಕ್ಷಿಯ ಮಾತು. ತೀರ್ಪನ್ನು ಕೊಡಬೇಕಾದವನು ಮನುಷ್ಯ. ಮಿಶ್ರಣ ತೆಳುವಾಗಿದೆಯೆಂದು ಅದು ಹೇಳಿದರೆ, ಕಳ್ಳಗಾಳಿಯೋ ಬಲಹೀನವಾದ ಪಂಪೋ ಎಂಬುದನ್ನು ನಾವೇ ವಿಚಾರಿಸಬೇಕು. ಅದನ್ನು ಕೇಳದೆ ಸೆನ್ಸರನ್ನು ಬದಲಾಯಿಸುವುದೆಂದರೆ ಕೆಟ್ಟ ಸುದ್ದಿ ತಂದ ದೂತನನ್ನು ಶಿಕ್ಷಿಸಿದಂತೆ.

ಇಷ್ಟು ಹೇಳಿದಮೇಲೆ ಆಚರಣೆಗೆ ಸಂಬಂಧಪಟ್ಟ ಮೂರು ನಿಯಮಗಳನ್ನು ಸಂಗ್ರಹವಾಗಿ ಹೇಳುತ್ತೇವೆ. ಒಂದು: ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಆಮೇಲೆ. ಚೋಕು, ಮುಚ್ಚಳ, ಎಣ್ಣೆ, ಕಣ್ಣಿನಿಂದ ನೋಡುವುದು ಇವೆಲ್ಲ ಮುಗಿಯುವವರೆಗೆ ಹಣದ ಚೀಲಕ್ಕೆ ಕೈ ಹಾಕಬೇಡಿ. ಎರಡು: ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರನ್ನು ಒಟ್ಟಿಗೆ ಬದಲಾಯಿಸಿ ಗಾಡಿ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಸರಿಹೋಗದಿದ್ದರೆ ಹೊಸದೊಂದು ದೋಷ ಸೇರಿಕೊಂಡಿತೋ ಎಂಬ ಸಂಶಯ ಬೇರೆ. ಮೂರು: ಬರೆದಿಡಿ. ಯಾವ ದಿನ, ಎಷ್ಟು ಹೊತ್ತಿನಲ್ಲಿ, ಯಾವ ಏರಿನಲ್ಲಿ, ಎಂಜಿನು ತಣ್ಣಗಿದ್ದಾಗಲೋ ಕಾದಾಗಲೋ, ಎರಡು ಸಾಲು ಸಾಕು.

ಕೊನೆಯದಾಗಿ ಒಂದು ವಿಜ್ಞಾಪನೆ. ಪದ್ಮಿನಿಯು ೨೦೨೩ರ ಅಕ್ಟೋಬರಿನಲ್ಲಿ ಮುಂಬಯಿಯ ಟ್ಯಾಕ್ಸಿ ಕೆಲಸದಿಂದ ನಿವೃತ್ತಿ ಹೊಂದಿತು. ಅಂಬಾಸಡರಿನ ತಯಾರಿಕೆ ೨೦೧೪ರಲ್ಲಿಯೇ ನಿಂತಿತು. ಗಾಡಿಗಳೊಡನೆ ಅವುಗಳ ಉಸಿರನ್ನು ಬಲ್ಲ ಮೇಸ್ತ್ರಿಗಳ ಸಂಖ್ಯೆಯೂ ಇಳಿಯುತ್ತಿದೆ. ಇದರಲ್ಲಿ ನಮ್ಮ ಪಾಲೂ ಇದೆ. ಬದಲಾಯಿಸಿದ ಭಾಗಕ್ಕೆ ನಾವು ಚೌಕಾಸಿ ಮಾಡಿಯಾದರೂ ಹಣ ಕೊಡುತ್ತೇವೆ. ಏನನ್ನೂ ಬದಲಾಯಿಸದೆ ಒಂದು ಗಂಟೆ ಕಿವಿಗೊಟ್ಟು ಕೇಳಿ ಕಾರಣವನ್ನು ಕಂಡುಹಿಡಿದವನಿಗೆ, ‘ಏನು ಮಾಡಿದೆಯಪ್ಪಾ ನೀನು?’ ಎನ್ನುತ್ತೇವೆ. ಹೀಗಿರುವಾಗ ಅವನು ಭಾಗಗಳನ್ನೇ ಬದಲಾಯಿಸತೊಡಗಿದರೆ ಆಶ್ಚರ್ಯವೇನು? ಆ ಮುಖ್ಯೋಪಾಧ್ಯಾಯರು ತಂತಿಯ ಬೆಲೆಯನ್ನು ಕೇಳಲಿಲ್ಲ. ವೈದ್ಯರಿಗೆ ಕೊಡುವ ಸಂಭಾವನೆಯೆಂದು ತಿಳಿದು ಮೇಸ್ತ್ರಿಯ ಕೈಯಲ್ಲಿ ಹಣವಿಟ್ಟರು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಕೆಲಸದ ಹುಡುಗನಿಗೂ ಕೊಟ್ಟರು. ಮುಂದಿನ ಸಲ ನಿಮ್ಮ ಗಾಡಿ ತಡವರಿಸಿದಾಗ ನೀವೂ ಮೇಸ್ತ್ರಿಯನ್ನು ಜೊತೆಯಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ, ನೀವು ಬರೆದಿಟ್ಟ ಎರಡು ಸಾಲುಗಳನ್ನು ಅವನಿಗೆ ಓದಿಹೇಳಿ, ಅವನ ವಿಚಾರಕ್ಕೆ ತಕ್ಕ ಕೂಲಿಯನ್ನು ಕೊಡಬೇಕೆಂದು ಕೋರುತ್ತೇವೆ.